ಮೊಮ್ಮಗಳನ್ನು ಕಾಫಿಯಂತೆ ತೂಗಿದ್ದು

ಹೋದ ಭಾನುವಾರದಿಂದ ನನಗೆ ಯಾರು ಸಿಕ್ಕಿದರೂ ಒಂದೇ ಸುದ್ದಿ ಹೇಳುತ್ತಿದ್ದೇನೆ. ಹಾಲಿನ ಡೈರಿಯಲ್ಲಿ ಹೇಳಿದೆ. ಕಳಸದ ಬಸ್ಸಿನ ಕಂಡಕ್ಟರಿಗೆ ಟಿಕೆಟ್ ತೆಗೆಯುವ ಮೊದಲೇ ಹೇಳಿದೆ. ಬಾಳೂರಿನ ಚಾದಂಗಡಿಯಲ್ಲಿ ಎರಡು ಸಲ ಹೇಳಿದ್ದಾಯಿತು. ಎರಡನೇ ಸಲ ಅಂಗಡಿಯವನು, "ಅಜ್ಜ, ನಿನ್ನೆ ಇದೇ ಬೆಂಚಲ್ಲಿ ಕೂತು ಹೇಳಿದ್ರಿ" ಎಂದು ನೆನಪು ಮಾಡಿದ. "ಇವತ್ತು ಸ್ವಲ್ಪ ಜಾಸ್ತಿ ಇದೆ, ಕೇಳು ಮಾರಾಯ" ಎಂದೆ. ಮನೆಗೆ ಬಂದು ಹೆಂಡತಿಯ ಹತ್ತಿರ ಮತ್ತೆ ಶುರು ಮಾಡಿದರೆ ಅವಳು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತದೆ, "ಬರ್ದಿಡಿ ಮಾರಾಯ್ರೆ. ಜನ್ರ ಕಿವಿಗೂ ಒಂಚೂರು ರಜೆ ಸಿಗ್ಲಿ" ಎಂದಳು.

ನಾನು ಓದಿದ್ದು ಮೂರನೇ ಕ್ಲಾಸು. ಅದರಾಚೆಗಿನ ಅಕ್ಷರವೆಲ್ಲ ಕಾಫಿ ಚೀಲದ ಮೇಲೆ ಬರೆದು ಬರೆದು ಕಲಿತದ್ದು. ತಪ್ಪು ಬಿದ್ದಲ್ಲಿ ಮೊಮ್ಮಗಳು ತಿದ್ದುತ್ತಾಳೆ. ಸುದ್ದಿಯೂ ಅವಳದೇ.

ಬಾಳೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ನೋಡಿಕೊಳ್ಳುವುದೇ ನನ್ನ ಜೀವಮಾನದ ಕೆಲಸ. ಈಗ ವಯಸ್ಸಾಯಿತೆಂದು ಬಿಟ್ಟಿದ್ದರೂ ಕೊಯ್ಲು ಶುರುವಾದರೆ ಸಾಹುಕಾರರು ಹೇಳಿಕಳಿಸುತ್ತಾರೆ, ನಾನೂ ಹೋಗುತ್ತೇನೆ. ಹಣ್ಣಿನ ಸಿಪ್ಪೆ ತೆಗೆದು, ತೊಳೆದು, ಬೀಜವನ್ನು ಕಣದಲ್ಲಿ ಹರಡುತ್ತೇವೆ. ಅದಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ಮೊದಲ ದಿನ ಅದು ಒದ್ದೆ ಮಣ್ಣಿನಷ್ಟು ಭಾರ. ದಿನವೂ ಗೋರುಮಣೆಯಲ್ಲಿ ಕೆದಕಿ ಬಿಸಿಲು ಕಾಣಿಸಬೇಕು, ಸಂಜೆ ಇಬ್ಬನಿ ಬೀಳುವ ಮುಂಚೆ ಗುಡ್ಡೆ ಮಾಡಿ ಮುಚ್ಚಬೇಕು. ಒಣಗಿತೋ ಇಲ್ಲವೋ ತಿಳಿಯುವುದಕ್ಕೆ ನಮ್ಮಲ್ಲಿ ಒಂದು ಅಳತೆಯ ಡಬ್ಬ ಇದೆ. ಅದೇ ಡಬ್ಬದಲ್ಲಿ ಅಷ್ಟೇ ಬೀಜ ತುಂಬಿ ದಿನವೂ ತೂಗುತ್ತೇವೆ. ಮೊದಲು ತೂಕ ಸರಸರ ಇಳಿಯುತ್ತದೆ, ಆಮೇಲೆ ನಿಧಾನ, ಕೊನೆಗೆ ಒಂದು ಕಡೆ ಬಂದು ನಿಲ್ಲುತ್ತದೆ. ನಿಂತ ದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರು "ಚೀಲಕ್ಕೆ ಹಾಕ್ಸಿ" ಎನ್ನುತ್ತಾರೆ. ಹಾಗಾಗಿ ಇಷ್ಟು ವರ್ಷ ನನ್ನ ಪಾಲಿಗೆ ತೂಕ ಇಳಿಯಿತು ಎಂದರೆ ಒಳ್ಳೆಯ ಸುದ್ದಿ. ಬೇರೆ ಥರ ಯೋಚಿಸುವುದೇ ಅಪರೂಪ.

ಮೊಮ್ಮಗಳು ನಮ್ಮ ಒಬ್ಬನೇ ಮಗನ ಒಬ್ಬಳೇ ಮಗಳು. ಮಗ, ಸೊಸೆ ಪೇಟೆಯಲ್ಲಿ ದುಡಿಯುತ್ತಾರೆ, ಇವಳು ಬೆಳೆದದ್ದು ನಮ್ಮ ಹತ್ತಿರ. ಹುಟ್ಟಿದಾಗಿನಿಂದ ದುಂಡಗೆ. ಮೈಕಟ್ಟು ಅಜ್ಜಿಯದು. ನನ್ನ ಹೆಂಡತಿಯೂ ಅಗಲ ಭುಜದ, ತುಂಬಿದ ಮೈಯ ಹೆಂಗಸು. ಹುಲ್ಲಿನ ಹೊರೆ ಹೊತ್ತು ಏರು ಹತ್ತಿ ಬಂದು, ಹೊರೆ ಇಳಿಸುವ ಮೊದಲೇ ಪಕ್ಕದ ಮನೆಯವಳ ಜೊತೆ ಜಗಳ ಆಡಬಲ್ಲಳು. ನಾನೋ ಒಣಕಲು ಕಡ್ಡಿ. ಊರವರು ನನ್ನನ್ನು ತೋರಿಸಿ, "ಅಜ್ಜನ್ನ ನೋಡಿ, ಮೈಯಲ್ಲಿ ಒಂಚೂರು ಬೊಜ್ಜಿಲ್ಲ, ಕಾಯಿಲೆ ಎಲ್ಲಿಂದ ಬರ್ಬೇಕು" ಎಂದರೆ ನಾನು ಅಂಗಿಯ ಕೆಳಗಿನ ಗುಂಡಿ ಬಿಚ್ಚಿ ಹೊಟ್ಟೆ ತೋರಿಸುತ್ತಿದ್ದವನು. ಆಸ್ಪತ್ರೆಯ ಮೆಟ್ಟಿಲು ಬೇರೆಯವರಿಗಾಗಿ ಮಾತ್ರ ತುಳಿದಿದ್ದೆ.

ಮೊಮ್ಮಗಳ ಇನ್ನೊಂದು ಗುಣ ಮಾತು. ಹಲ್ಲು ಬರುವ ಮುಂಚೆ ಮಾತು ಬಂದಿತ್ತು. ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ಜೊತೆ ಮೇಲಿನ ಗುಡ್ಡಕ್ಕೆ ಬರುತ್ತಿದ್ದಳು. ಏರಿನ ಉದ್ದಕ್ಕೂ ಇದು ಯಾವ ಹಕ್ಕಿ, ಇದರ ಕಾಯಿ ತಿಂದರೆ ಏನಾಗುತ್ತದೆ, ಕಾಡಿನ ಕಾಟಿ ನಮ್ಮ ಎಮ್ಮೆಗೆ ಏನಾಗಬೇಕು, ಹೀಗೇ. ನಾನು ಉಸಿರು ಹಿಡಿದುಕೊಂಡು ಹೂಂ ಎನ್ನುತ್ತಿದ್ದೆ. ಆ ಗುಡ್ಡದ ಒಂದೊಂದು ಕಾಲುದಾರಿಯೂ ಅವಳಿಗೆ ಅಂಗೈ ಗೆರೆ ಇದ್ದ ಹಾಗೆ.

ಪಿಯುಸಿ ಮುಗಿಸಿ ಮೂಡಿಗೆರೆಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ವಲ್ಪ ದಿನ ಇದ್ದಳು. "ಅಲ್ಲಿ ಮಾತಾಡಕ್ಕೆ ಮಿಷಿನ್ ಒಂದೇ ಅಜ್ಜ" ಎಂದು ಬಿಟ್ಟು ಬಂದಳು. ಅವಳ ಆಸೆ ಬೇರೆ ಇತ್ತು. ನಮ್ಮ ಕಡೆ ಈಗ ಗುಡ್ಡ ಹತ್ತುವುದಕ್ಕೆಂದೇ ಜನ ಬರುತ್ತಾರೆ. ಅವರನ್ನು ಜೀಪಿನಲ್ಲಿ ಗುಡ್ಡದ ಬುಡದವರೆಗೆ ತಂದು, ಗೈಡ್ ಕೊಟ್ಟು ಹತ್ತಿಸುವ ಯಜಮಾನರೊಬ್ಬರು ಇದ್ದಾರೆ. ಅವರ ಹತ್ತಿರ ಗೈಡ್ ಆಗಬೇಕು ಎಂದು ಅವಳ ಆಸೆ. ಜನವರಿಯಲ್ಲಿ ಹೋಗಿ ಕೇಳಿದಳು. ಅವರು ಕೂರಿಸಿ ಕಾಫಿ ಕೊಟ್ಟು, ಮರ್ಯಾದೆಯಿಂದಲೇ ಹೇಳಿದರಂತೆ. "ನೀವು ಗುಡ್ಡ ಬಲ್ಲೋರು, ಅದು ಸರಿ. ಆದ್ರೆ ಬಂದೋರು ನಿಮ್ಮನ್ನ ನೋಡಿ ಎಂತ ಅಂತಾರೆ? ಗೈಡೇ ಏದುಸಿರು ಬಿಟ್ರೆ ಹೆಂಗೆ? ಎರಡು ತಿಂಗ್ಳು ಟೈಮ್ ತಗೊಳಿ. ಮೈ ಒಂಚೂರು ಇಳ್ಸ್ಕೊಂಡು ಬನ್ನಿ, ಟ್ರಯಲ್ ಕೊಡ್ತೀನಿ."

ಅವಳು ನಡೆಯುವುದನ್ನು ಅವರು ಒಂದು ಸಲವೂ ನೋಡಿರಲಿಲ್ಲ. ಮನೆಗೆ ಬಂದು ಇದನ್ನೆಲ್ಲ ನಗುತ್ತಲೇ ಹೇಳಿದಳು, ಆದರೆ ಕೈಯಲ್ಲಿದ್ದ ರೊಟ್ಟಿಯನ್ನು ಚೂರು ಚೂರು ಮಾಡುತ್ತಿದ್ದಳು. ಹೆಂಡತಿ ಆ ಯಜಮಾನರನ್ನು ಅವರ ಜೀಪಿನ ಸಮೇತ ಬೈದಳು. ನನಗೆ ಮಾತ್ರ ಸಿಟ್ಟು ಬರಲಿಲ್ಲ. ಈಗ ನಾಚಿಕೆಯಾಗುವುದು ಅದಕ್ಕೇ. ನನಗೂ ಅವರ ಮಾತು ಸರಿ ಅನ್ನಿಸಿತು.

"ಬಿಡು ಕೂಸೇ" ಎಂದೆ. "ತೂಕ ಇಳ್ಸೋದು ನಂಗೆ ಗೊತ್ತಿರೋ ಒಂದೇ ವಿದ್ಯೆ. ಎರಡು ತಿಂಗ್ಳು ಸಾಕೋ ಸಾಕು."

ಆ ಭಾನುವಾರವೇ ಅವಳನ್ನು ಎಸ್ಟೇಟಿನ ಗೋಡೌನಿಗೆ ಕರೆದುಕೊಂಡು ಹೋದೆ. ಚೀಲ ತೂಗುವ ದೊಡ್ಡ ತಕ್ಕಡಿ ಅಲ್ಲಿದೆ. ರೈಟರ ಹತ್ತಿರ ಒಂದು ಮಾತು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಎಂತ ಕಾಫಿ ಇದು ಅಜ್ಜ, ಅರೇಬಿಕಾನೋ ರೋಬಸ್ಟಾನೋ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಇವಳು, "ಪೀಬೆರಿ" ಎಂದಳು. ಒಂದು ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ಕಟ್ಟಿದರೆ ಅದು ಚಪ್ಪಟೆಯಾಗದೆ ಗುಂಡಗೆ ಬೆಳೆಯುತ್ತದೆ, ಅದು ಪೀಬೆರಿ. ಅದನ್ನು ಬೇರೆಯಾಗಿ ಆರಿಸಿ ಇಡುತ್ತಾರೆ. ರೈಟರು ನಕ್ಕು ಬಾಗಿಲು ತೆಗೆದುಕೊಟ್ಟರು.

ತಕ್ಕಡಿಗೆ ಏರಿಸಿ ತೂಗಿದೆ. ನಾವು ಕಾಫಿ ತೂಗಿದಾಗ ಚೀಲದ ತೂಕ ಕಳೆಯುತ್ತೇವೆ. ಅದೇ ರೂಢಿಯಲ್ಲಿ ಅವಳ ಸ್ವೆಟರು, ಚಪ್ಪಲಿಗೆ ಇಷ್ಟು ಎಂದು ಕಳೆದೆ. ಎಷ್ಟಾಯಿತು ಎಂದು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಇಷ್ಟವಾಗಲಿಕ್ಕಿಲ್ಲ. ಗೋಡೌನ್ ಬಾಗಿಲಿನ ಒಳಮಗ್ಗುಲಲ್ಲಿ ಸೀಮೆಸುಣ್ಣದಿಂದ ಗೀಟು ಹಾಕಿದೆ. ಪ್ರತಿ ವಾರ ಅದರ ಕೆಳಗೆ ಒಂದು ಗೀಟು ಬೀಳಬೇಕು ಎಂದು ಮಾತಾಯಿತು.

ಬೆಳಿಗ್ಗೆ ಮೂರು ಅಕ್ಕಿ ರೊಟ್ಟಿ ತಿನ್ನುತ್ತಿದ್ದವಳು ಎರಡು ತಿಂದಳು. ಮರುವಾರ ಒಂದು, ಆಮೇಲೆ ಅರ್ಧ. ಮಧ್ಯಾಹ್ನಕ್ಕೆ ಮಜ್ಜಿಗೆ, ಸೌತೆಕಾಯಿ. ಸಾಲದು ಎಂದು ನಾನು ಅವಳನ್ನು ಮಟಮಟ ಮಧ್ಯಾಹ್ನ ಕಣಕ್ಕೆ ಇಳಿಸಿದೆ. ಸ್ವೆಟರು ಹಾಕಿಕೊಂಡೇ ಗೋರುಮಣೆ ಎಳೆ, ಬೆವರು ಇಳಿದಷ್ಟೂ ತೂಕ ಇಳಿಯುತ್ತದೆ ಎಂದು ಹೇಳಿದವನೂ ನಾನೇ. ಅವಳು ಎಳೆದಳು. ಎರಡನೇ ಭಾನುವಾರ ಗೀಟು ಕೆಳಗಿಳಿಯಿತು. ಮೂರನೇ ಭಾನುವಾರವೂ ಇಳಿಯಿತು. ನಾನು ಕಣದ ತುಂಬ ಒಳ್ಳೆಯ ಮಾಲು ಬಿದ್ದವನ ಹಾಗೆ ಎದೆ ಉಬ್ಬಿಸಿಕೊಂಡು ಮನೆಗೆ ಬರುತ್ತಿದ್ದೆ.

ಹೆಂಡತಿ ಒಂದು ದಿನ ಒಲೆಯ ಮುಂದೆ ಕೂತು, "ಮೂರು ದಿನ ಆಯ್ತು, ಮನೇಲಿ ರೇಡಿಯೋ ನಿಂತು ಹೋಗಿದೆ. ನಿಮ್ಗೆ ಗೊತ್ತಾಗ್ಲಿಲ್ವ?" ಎಂದಳು.

ನಮ್ಮ ಮನೆಯ ರೇಡಿಯೋ ಕೆಟ್ಟು ವರ್ಷಗಳಾಗಿವೆ. ಅವಳು ಹೇಳಿದ್ದು ಮೊಮ್ಮಗಳ ಮಾತು. ನಾನು, "ಮನಸ್ಸಿಟ್ಟು ಮಾಡ್ತಾ ಇದಾಳೆ, ಅದಕ್ಕೆ" ಎಂದೆ.

"ಮನಸ್ಸಿಟ್ಟು ಸಾಯ್ತಾ ಇದಾಳೆ. ಕಣಕ್ಕೆ ಹಾಕಿ ಒಣಗಿಸ್ತಾ ಇದೀರಲ್ಲ, ಅದೇನು ಬೀಜವ?"

ಹೆಂಗಸರ ಕರುಳು, ಹೊಟ್ಟೆಗೆ ಕಮ್ಮಿಯಾದರೆ ಹೀಗೇ ಎಂದುಕೊಂಡು ಎದ್ದು ಹೋದೆ.

ನಾಲ್ಕನೇ ಭಾನುವಾರ ತಕ್ಕಡಿ ಇಳಿಯಲಿಲ್ಲ. ಹಿಂದಿನ ವಾರ ಎಲ್ಲಿತ್ತೋ ಅಲ್ಲೇ ನಿಂತಿತು. ನಾನು ಸೀಮೆಸುಣ್ಣ ಹಿಡಿದು ನಿಂತಿದ್ದೆ. ಅವಳು ತಕ್ಕಡಿಯ ಮೇಲೆ ನಿಂತೇ ಸ್ವೆಟರು ತೆಗೆದಳು. ಬಳೆ ತೆಗೆದು ಪಕ್ಕದ ಚೀಲದ ಮೇಲಿಟ್ಟಳು. ಕಿವಿಯ ಓಲೆ ತೆಗೆದಳು. ಕೊನೆಗೆ ಜಡೆಯ ಕ್ಲಿಪ್ಪನ್ನೂ ತೆಗೆದು ಇಟ್ಟು, "ಈಗ ನೋಡಿ ಅಜ್ಜ" ಎಂದಳು. ಕೂದಲು ಮುಖದ ಮೇಲೆ ಬಿದ್ದಿತ್ತು. ಒಂದು ಬೀಜದ ತೂಕದಷ್ಟೂ ಮುಳ್ಳು ಕದಲಲಿಲ್ಲ. ಅವತ್ತು ಗೋಡೌನಿನಲ್ಲಿ ಅವಳು ಆಡಿದ್ದು ಆ ಮೂರು ಮಾತು ಮಾತ್ರ.

ಗೋಡೌನಿನಿಂದ ಮನೆಗೆ ಒಂದು ಏರು ಇದೆ. ಸಿಲ್ವರ್ ಮರಗಳ ಸಾಲಿನ ಮಧ್ಯೆ ಹೋಗುತ್ತದೆ. ಅರ್ಧ ಹತ್ತಿದ್ದೆವು. ಹಿಂದೆ ತಿರುಗಿ ನೋಡಿದರೆ ಅವಳು ಒಂದು ಮರ ಹಿಡಿದುಕೊಂಡು ನಿಂತಿದ್ದಾಳೆ. ಮುಖ ಸುಣ್ಣದ ಹಾಗಿದೆ. "ಅಜ್ಜ, ಕಣ್ಣು ಕತ್ತಲೆ" ಎಂದು ಹಾಗೇ ಕೆಳಗೆ ಕೂತಳು, ಆಮೇಲೆ ವಾಲಿದಳು. ಮುಟ್ಟಿದರೆ ತಣ್ಣನೆ ಬೆವರು. ಎತ್ತೋಣ ಎಂದು ತೋಳಿಗೆ ಕೈ ಹಾಕಿದೆ. ಎತ್ತಲಾಗಲಿಲ್ಲ. ಇನ್ನೊಂದು ಸಲ ಎಳೆದೆ, ನನ್ನ ಕಾಲೇ ಜಾರಿತು. ಊರಿಗೆಲ್ಲ ತೋರಿಸಿದ ನನ್ನ ಕಡ್ಡಿ ಮೈ ಆವತ್ತು ಯಾವ ಕೆಲಸಕ್ಕೂ ಬರಲಿಲ್ಲ. ಮನೆಯ ಕಡೆ ಮುಖ ಮಾಡಿ ಕೂಗಿದೆ.

ಹೆಂಡತಿ ಓಡಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಮ್ಮಗಳ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿ, ಹುಲ್ಲಿನ ಹೊರೆ ತರುವ ಹಾಗೆಯೇ ಆ ಏರು ಹತ್ತಿಸಿದಳು. ನನ್ನನ್ನು ಒಂದು ಮಾತು ಬೈಯಲಿಲ್ಲ. ನಾನು ಹಿಂದಿನಿಂದ ಬಳೆ, ಓಲೆ, ಕ್ಲಿಪ್ಪು ಹಿಡಿದುಕೊಂಡು ನಡೆದೆ. ಬೆಲ್ಲದ ನೀರು ಕುಡಿಸಿ, ಗಂಜಿ ಕುಡಿಸಿದ ಮೇಲೆ ಕಣ್ಣು ಬಿಟ್ಟಳು. "ಗೀಟು ಹಾಕಿದ್ರಾ?" ಎಂದು ಕೇಳಿದಳು. ನಾನು ಎದ್ದು ಹಿತ್ತಲಿಗೆ ಹೋದೆ.

ಮರುದಿನ ಆಸ್ಪತ್ರೆಗೆ ಹೋದೆವು, ಮೂವರೂ. ಅಲ್ಲಿನ ನರ್ಸಮ್ಮ ಮೊದಲು ಅವಳ ಬಿಪಿ ನೋಡಿದರು, ಬೆರಳು ಚುಚ್ಚಿ ರಕ್ತ ನೋಡಿದರು. ಬಿಪಿ ಸರಿ, ಸಕ್ಕರೆ ಸರಿ, ರಕ್ತ ಮಾತ್ರ ಕಡಿಮೆ. "ಹೊಟ್ಟೆಗೆ ಎಂತ ತಿಂತೀರಿ?" ಎಂದು ಕೇಳಿದರು. ಅವಳು ಹೇಳಿದಳು. ಸ್ವೆಟರು ಹಾಕಿಕೊಂಡು ಬಿಸಿಲಲ್ಲಿ ಕೆದಕಿದ್ದನ್ನೂ ಹೇಳಿದಳು. ನನ್ನ ಹೆಸರು ಹೇಳಲಿಲ್ಲ, ಪಾಪ. ಹೆಂಡತಿ ಹೇಳಿದಳು.

ನರ್ಸಮ್ಮ ನನ್ನ ಕಡೆ ತಿರುಗಿ, "ಬನ್ನಿ ಅಜ್ಜ, ಬೆರಳು ಕೊಡಿ. ಇಷ್ಟು ದೂರ ಬಂದಿದೀರಿ, ನಿಮ್ದೂ ನೋಡಣ" ಎಂದರು.

"ನಂಗೆಂತಕ್ಕೆ ತಾಯಿ? ನನ್ನ ಮೈ ನೋಡಿ."

"ಮೈ ನೋಡಿದ್ದಾಯ್ತು. ಬೆರಳು ಕೊಡಿ."

ಚುಚ್ಚಿದರು. ಮಿಷಿನ್ ನೋಡಿದರು. ಮತ್ತೆ ಚುಚ್ಚಿದರು. "ಸಕ್ಕರೆ ಇದೆ ಅಜ್ಜ. ಚೆನ್ನಾಗೇ ಇದೆ. ಡಾಕ್ಟ್ರಿಗೆ ತೋರ್ಸಿ" ಎಂದರು.

"ಕಡ್ಡಿ ಥರ ಇದೀನಲ್ಲ ತಾಯಿ, ನಂಗೆ ಹೆಂಗೆ?"

"ಕಡ್ಡಿಗೂ ಬರ್ತದೆ."

ನನ್ನ ಹೆಂಡತಿ ಆ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿದಳು. ಅಳುತ್ತಿದ್ದಾಳೇನೋ ಎಂದು ನೋಡಿದರೆ ನಗು. ಬಸ್ಸಿನಲ್ಲಿಯೂ ನಿಲ್ಲಲಿಲ್ಲ, ಒಂದೊಂದು ತಿರುವಿಗೂ ಒಮ್ಮೆ, "ಮೈ ನೋಡಿ ಅಂತೆ" ಎಂದು ಶುರು ಮಾಡುವಳು.

ಆದರೆ ಹೊರಡುವ ಮೊದಲು ನರ್ಸಮ್ಮ ಹೇಳಿದ ಮಾತು ಬರೆಯಬೇಕು. ಮೊಮ್ಮಗಳು ಅಳುಕುತ್ತಾ, "ಹಂಗಾದ್ರೆ ತೂಕ ಎಷ್ಟಿದ್ರೂ ಆಗ್ತದ ಅಕ್ಕ?" ಎಂದು ಕೇಳಿದ್ದಳು. ಅವರು, "ಹಂಗಲ್ಲ. ತೂಕ ನೋಡ್ಬೇಕು. ಆದ್ರೆ ಅದೊಂದನ್ನೇ ನೋಡಿದ್ರೆ ಆಗಲ್ಲ. ಸಕ್ಕರೆ, ಬಿಪಿ, ರಕ್ತ, ನಿದ್ದೆ, ನಡಿಗೆ, ಎಲ್ಲ ನೋಡ್ಬೇಕು. ನೀವು ಏರು ಹತ್ತೋವಾಗ ಮಾತಾಡಕ್ಕೆ ಆಗ್ತದ?" ಎಂದರು.

"ಮುಂಚೆ ಆಗ್ತಿತ್ತು. ಈಗ ಆಗಲ್ಲ."

"ನೋಡಿ ಮತ್ತೆ. ತೂಕ ಇಳಿದಿದೆ, ತ್ರಾಣವೂ ಇಳಿದಿದೆ. ಆರೋಗ್ಯ ಎಲ್ಲಿ ಸಿಕ್ತು?"

ಆ ಮಾತು ನನಗೆ ಹೊಸದಾಗಬಾರದಿತ್ತು. ನಾನು ಕಣಕ್ಕೆ ಸೇರಿದ ಎರಡನೇ ವರ್ಷ, ಹುರುಪಿನಲ್ಲಿ ಒಂದು ಕಣದ ಕಾಫಿಯನ್ನು ತೂಕ ಇನ್ನೂ ಇಳಿಯಲಿ, ಇನ್ನೂ ಇಳಿಯಲಿ ಎಂದು ಬಿಸಿಲಲ್ಲೇ ಬಿಟ್ಟಿದ್ದೆ. ಸಿಪ್ಪೆ ತೆಗೆಯುವ ಮಿಷಿನ್ನಿಗೆ ಹಾಕಿದರೆ ಬೀಜವೆಲ್ಲ ಚೂರು. ಆಗಿನ ಮೇಸ್ತ್ರಿ ಆ ಚೂರುಗಳನ್ನು ನನ್ನ ಅಂಗೈಗೆ ಸುರಿದು, "ತಕ್ಕಡಿ ನೋಡು, ಬೇಡ ಅನ್ನಲ್ಲ. ಆದ್ರೆ ಬೀಜ ಹಲ್ಲಲ್ಲಿ ಕಚ್ಚಿಯೂ ನೋಡು. ಒಳಗೆ ಜೀವ ಇದೆಯೋ ಇಲ್ವೋ ತಕ್ಕಡಿಗೆ ಎಂತ ಗೊತ್ತು" ಎಂದಿದ್ದರು. ಅವತ್ತಿನಿಂದ ಇವತ್ತಿನವರೆಗೆ ಒಂದು ಚೀಲವನ್ನೂ ಕಚ್ಚಿ ನೋಡದೆ ಕಟ್ಟಿಸಿದವನಲ್ಲ. ಕಾಫಿಯ ವಿಷಯದಲ್ಲಿ ಅಷ್ಟು ಬುದ್ಧಿ ಇದ್ದವನಿಗೆ ಮೊಮ್ಮಗಳು ಮಾತು ನಿಲ್ಲಿಸಿದ್ದು ಕೇಳಿಸಲಿಲ್ಲ.

ಸಂಜೆ ಒಬ್ಬನೇ ಗೋಡೌನಿಗೆ ಹೋದೆ. ಗೋಣಿ ಚೂರು ಒದ್ದೆ ಮಾಡಿ ಬಾಗಿಲಿನ ಗೀಟುಗಳನ್ನೆಲ್ಲ ಒರೆಸಿದೆ. ರೈಟರು ನೋಡಿ, "ಎಂತ ಅಜ್ಜ, ಪೀಬೆರಿ ಒಣಗಿತ?" ಎಂದರು. "ಇದು ಒಣಗಿಸೋ ಜಾತಿ ಅಲ್ಲ ಸ್ವಾಮಿ" ಎಂದೆ.

ಆಮೇಲೆ ನಮ್ಮ ಮನೆಯಲ್ಲಿ ಪಥ್ಯ ಶುರುವಾಯಿತು, ನನ್ನದು. ನನ್ನ ಕಾಫಿಯಿಂದ ಬೆಲ್ಲ ಹೋಯಿತು, ತಟ್ಟೆಯಿಂದ ಎರಡನೇ ಸಲದ ಅನ್ನ ಹೋಯಿತು. ಮೊಮ್ಮಗಳ ತಟ್ಟೆಗೆ ರೊಟ್ಟಿ ಬಂತು, ಹುರುಳಿಕಾಳು ಸಾರು, ಸೊಪ್ಪು, ಮೊಟ್ಟೆ ಬಂತು. ಮೊದಲ ದಿನ ಅವಳು ಕಡುಬಿನ ತಟ್ಟೆಯನ್ನು ಮುಟ್ಟದೆ ನೋಡುತ್ತಾ ಕೂತಿದ್ದಳು. ಹೆದರಿಕೆ. ಅಜ್ಜಿ ಅವಳೆದುರು ತಾನೂ ಒಂದು ತಟ್ಟೆ ಇಟ್ಟುಕೊಂಡು ಕೂತಳು. "ನೀನು ಒಂದು ತಿಂದ್ರೆ ನಾನು ಒಂದು. ನೀನು ತಿನ್ನದಿದ್ರೆ ನಾನೂ ಇಲ್ಲ. ನಂಗೆ ಹಸಿವು ತಡೆಯಲ್ಲ, ಬೇಗ ಹೇಳು" ಎಂದಳು. ಕಡುಬು ಆರಿ ಗಟ್ಟಿಯಾಗುವವರೆಗೆ ಇಬ್ಬರೂ ಕೂತಿದ್ದರು. ಕೊನೆಗೆ ಮೊಮ್ಮಗಳ ಕೈ ಹೋಯಿತು.

ಡಾಕ್ಟರು ನನಗೆ ದಿನಾ ನಡೆಯಲು ಹೇಳಿದ್ದರು. ಅವಳ ಕಣ್ಣು ಕತ್ತಲೆ ಪೂರಾ ಹೋದ ಮೇಲೆ ಇಬ್ಬರೂ ಬೆಳಿಗ್ಗೆ ಮೇಲಿನ ಗುಡ್ಡದ ದಾರಿ ಹಿಡಿದೆವು. ಒಂದೇ ಕಟ್ಟಳೆ. ಮಾತಾಡುತ್ತಾ ಹತ್ತಬೇಕು, ಮಾತು ನಿಂತರೆ ಕಾಲೂ ನಿಲ್ಲಬೇಕು. ಮೊದಲ ದಿನ ಸಿಲ್ವರ್ ಸಾಲಿಗೇ ಅವಳ ಮಾತು ನಿಂತಿತು, ನಾವೂ ನಿಂತೆವು. ಎರಡು ವಾರದಲ್ಲಿ ಅರ್ಧ ದಾರಿಯಲ್ಲಿರುವ ಹಾರೆಬಂಡೆಯವರೆಗೆ ಬಂದಳು. ಇನ್ನೊಂದು ವಾರಕ್ಕೆ ಬಂಡೆ ದಾಟಿ ಹುಲ್ಲುಗಾವಲು. ಅಷ್ಟರಲ್ಲಿ ನಿಲ್ಲುತ್ತಿದ್ದವನು ನಾನು. "ಅಜ್ಜ, ನಿಮ್ಮ ಹೂಂ ಕೇಳ್ತಾ ಇಲ್ಲ, ಕೂತ್ಕೊಳಿ" ಎಂದು ನನ್ನನ್ನು ಕೂರಿಸಿ, ಕೂತಲ್ಲೇ ನನಗೆ ಹುಲ್ಲಿನ ಹೂವಿನ ಪಾಠ ಮಾಡುವಳು. ಅವಳು ಇಳಿದಳೋ ಏರಿದಳೋ ಗೊತ್ತಿಲ್ಲ, ತಕ್ಕಡಿಯ ಹತ್ತಿರ ಹೋಗಿಲ್ಲ. ನೋಡುವುದಕ್ಕೆ ಹಾಗೇ ಇದ್ದಾಳೆ, ದುಂಡಗೆ.

ಎರಡು ತಿಂಗಳು ತುಂಬುವ ಹೊತ್ತಿಗೆ ಅವಳೇ ಯಜಮಾನರಿಗೆ ಫೋನ್ ಮಾಡಿದಳು. ನಾವಿಬ್ಬರೂ ಬಾಗಿಲ ಹಿಂದೆ ನಿಂತು ಕೇಳಿದೆವು. "ಮೈ ಇಳ್ಸ್ಕೊಂಡಿಲ್ಲ ಸರ್. ಹಿಂಗೇ ಬರ್ತೀನಿ. ನೀವೂ ಹಿಂದೆ ಬನ್ನಿ, ನಡ್ಸಿ ನೋಡಿ. ಸೋತ್ರೆ ಮತ್ತೆ ಕೇಳಲ್ಲ."  ಅವರು, ಭಾನುವಾರ ಆರು ಜನ ಬರುತ್ತಾರೆ, ಬನ್ನಿ ಎಂದರಂತೆ.

ಆ ಭಾನುವಾರ ನಸುಕಿನಲ್ಲೇ ಅವಳು ನೀರು, ತಿಂಡಿಯ ಚೀಲ ಬೆನ್ನಿಗೆ ಹಾಕಿಕೊಂಡು ಆರು ಜನರ ಮುಂದೆ ಹತ್ತಿದಳು. ಯಜಮಾನರು ಎಲ್ಲರಿಗಿಂತ ಹಿಂದೆ. ನಾನೂ ಹೆಂಡತಿಯೂ ಕೆಳಗೆ ಜೀಪು ನಿಲ್ಲುವ ಜಾಗದಲ್ಲಿ ಕಡುಬಿನ ಡಬ್ಬಿ ಇಟ್ಟುಕೊಂಡು ಕೂತೆವು. ಬಿಸಿಲು ಏರಿತು. ನಾನು ಎದ್ದು ಹೋಗಿ ದಾರಿ ನೋಡುವುದು, ಬಂದು ಕೂರುವುದು. ಜೀಪಿನ ಡ್ರೈವರ್, "ಕೂತ್ಕೊಳಿ ಅಜ್ಜ, ಹಡೆಯೋ ಕೋಣೆ ಮುಂದೆ ನಿಂತಂಗೆ ಆಡ್ತೀರಿ" ಎಂದ. ಹೆಂಡತಿ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಹೊತ್ತು ನೆತ್ತಿಗೆ ಬರುವ ಮುಂಚೆ ಮೇಲಿನಿಂದ ಒಂದು ದನಿ ಕೇಳಿತು. ಆಳು ಕಾಣುತ್ತಿರಲಿಲ್ಲ, ಮರ ಅಡ್ಡ. ದನಿ ಮಾತ್ರ. ಒಂದೇ ಸಮನೆ, ಎಲ್ಲೂ ಉಸಿರು ಮುರಿಯದೆ ಇಳಿದು ಬರುತ್ತಿತ್ತು. ಹತ್ತಿರ ಬಂದ ಹಾಗೆ ಮಾತೂ ತಿಳಿಯಿತು. "ಆಮೇಲೆ ನಮ್ಮಜ್ಜ ಚಪ್ಪಲಿ ತೂಕ ಕಳೆದ್ರು. ಕಾಫಿಗೆ ಗೋಣಿ ತೂಕ ಕಳೀತಾರಲ್ಲ, ಹಂಗೆ. ಇಲ್ಲಿ ಬೇರು ಇದೆ, ಎಡಗಾಲು ನೋಡಿ ಇಡಿ." ಜೊತೆಗೆ ಬಂದವರ ನಗು, ಮಧ್ಯೆ ಮಧ್ಯೆ ಏದುಸಿರು. ಹೆಂಡತಿ ನನ್ನ ಮೊಣಕೈ ಹಿಡಿದಳು. "ರೇಡಿಯೋ" ಎಂದಳು.

ಮೊದಲು ಅವಳು ಕಂಡಳು, ಮುಖ ಕೆಂಪಗೆ, ಬೆವರಿ, ಬಾಯಿ ತುಂಬ ಮಾತು. ಹಿಂದೆ ಆರು ಜನ. ಎಲ್ಲರಿಗಿಂತ ಕೊನೆಗೆ ಒಂದು ಕೋಲು ಊರಿಕೊಂಡು ಯಜಮಾನರು. ಅವರು ಬಂದವರೇ ನೇರ ನನ್ನ ಮುಂದೆ ನಿಂತು ಏನೋ ಹೇಳಹೊರಟರು. "ಅಜ್ಜ, ಬರೋ ಶನಿವಾರದಿಂದ..." ಎಂದರು, ಉಸಿರು ಸಾಲಲಿಲ್ಲ. ಕೈ ಎತ್ತಿ ತಡೆಯಿರಿ ಎಂದರು. ಮತ್ತೆ, "ಶನಿವಾರದಿಂದ ಇವ್ರನ್ನ..." ಎಂದು ನಿಂತರು.

ನನ್ನ ಹೆಂಡತಿ ಕಲ್ಲಿನ ಮೇಲಿನ ಜಾಗ ಸೆರಗಿನಲ್ಲಿ ಒರೆಸಿ, "ಮೊದ್ಲು ಕೂತ್ಕೊಳಿ ಸ್ವಾಮಿ, ನೀರು ಕುಡೀರಿ. ಕೆಲ್ಸ ಕೊಡೋದು ಆಮೇಲೆ ಕೊಟ್ರಾಯ್ತು" ಎಂದು ಅವರ ಕೈಗೆ ಒಂದು ಕಡುಬು ಇಟ್ಟಳು.